ಬೋರಲುಗಡಿಗೆ ತೀರ್ಥದ ಮಹಿಮೆ

ಋಷಿಗಳ ಹೋಮಧೂಮದಿಂದ ಆಕಾಶವೇ ಕಪ್ಪಿಟ್ಟಿದ್ದ ಆ ಪುರಾತನ ಯುಗದಲ್ಲಿ, ತೊರೆಗಲ್ಲು ಬೆಟ್ಟದ ನಿರ್ಜಲವಾದ ದಕ್ಷಿಣಪಾರ್ಶ್ವದ ಗೋಪಾಲಕರ ಹಟ್ಟಿಯೊಂದರಲ್ಲಿ, ಬೊಮ್ಮಕ್ಕನೆಂಬ ಸಾಧ್ವಿಯು ಮಾತು ಕಲಿತರೂ ಮೊಲೆ ಬಿಡದ ತನ್ನ ಏಕಪುತ್ರ ಕಾಟಯ್ಯನನ್ನು ಕಣ್ಣಲ್ಲಿ ಕಣ್ಣಿಟ್ಟು ಸಲಹುತ್ತಿದ್ದಳು. ಜ್ಯೇಷ್ಠಮಾಸದ ಮೊದಲ ಮಳೆಗೆ ಕದಡಿದ ಹೊಂಡದ ನೀರು ಕುಡಿದು ಶಿಶುವಿಗೆ ವಾಂತಿಭೇದಿ ಪ್ರಾಪ್ತವಾಗಲು, “ಕುಡಿಸಿದ್ದೆಲ್ಲಾ ಹೊರಕ್ಕೇ ಹೋಗ್ತೈತೆ, ತೊಟ್ಟು ನೀರೂ ಕೊಡಬ್ಯಾಡ ಕಣವ್ವ” ಎಂದು ಹಟ್ಟಿಯ ಹಿರಿಯರು ಆಡಿದ್ದನ್ನೇ ವೇದವಾಕ್ಯವೆಂದು ಶಿರಸಾವಹಿಸಿದ ಆ ಮುಗ್ಧೆಯು, ಮೊಲೆಯನ್ನೂ ಬಿಡಿಸಿ, ಗಡಿಗೆಯನ್ನು ಮೂಲೆಗೆ ಸರಿಸಿ, “ಅವ್ವಾ, ನೀರು” ಎಂದು ಕೈಚಾಚಿದ ಕಂದನ ಮುಂದೆ ಮನಸ್ಸನ್ನು ಕಲ್ಲು ಮಾಡಿಕೊಂಡಳು. ಪ್ರೀತಿಯಿಂದಲೇ ಮಾಡಿದಳು, ಪಾಪ.

ಬಿಸಿಲೇರಿತು. ರೋಗವಿಲ್ಲದ ತಾಯಿಯ ಗಂಟಲೂ ಒಣಗಿತು. ಮಗು ನಿದ್ರಿಸುತ್ತಿದೆಯೆಂದು ಬಗೆದು, ಬೆನ್ನು ತಿರುಗಿಸಿ, ಸದ್ದಾಗದಂತೆ ಬೊಗಸೆ ನೀರು ಕುಡಿದಳು. ತಿರುಗಿದರೆ, ಗುಳಿಬಿದ್ದ ಎರಡು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಅಳಲೆಂದು ತುಟಿ ಬಿರಿದರೂ ಕಣ್ಣೀರು ಬರಲಿಲ್ಲ. ಅಷ್ಟು ಒಣಗಿಹೋಗಿತ್ತು ಆ ಜೀವ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು ಬೊಮ್ಮಕ್ಕನಿಗೆ. ಮಗನಿಗೆ ಮುಖ ತೋರಿಸಲಾರದೆ, ತನಗೂ ಈ ನೀರು ಬೇಡವೆಂದು ಗಡಿಗೆಯನ್ನು ಅಂಗಳದ ಬಂಡೆಯ ಮೇಲೆ ಬೋರಲು ಹಾಕಿದಳು. ನಾಚಿಕೆಯ ಭರದಲ್ಲಿ ಇದ್ದಬದ್ದ ನೀರೂ ಮಣ್ಣುಪಾಲಾಯಿತು ನೋಡಿ!

ಆಗ ಗಿರಿಕಂದರಗಳು ಮಾರ್ದನಿಗೊಡುವಂತೆ ಜಗನ್ಮಾತೆಯ ಅಶರೀರವಾಣಿಯು ಮೊಳಗಿತು: “ಎಲೌ ಬೊಮ್ಮಕ್ಕ, ನೀನು ನಾಚಿದರೆ ಮಗುವಿನ ದಾಹ ತೀರುವುದೇ? ಈ ಗಡಿಗೆಯಡಿಯಲ್ಲಿ ನಾನೇ ಹರಿಯುವೆನು. ಕೈ ತೊಳೆದುಕೋ. ಈ ನೀರನ್ನು ಕುದಿಸಿ, ತೆಳುಗಂಜಿ ಕಾಯಿಸಿ, ಚಿಟಿಕೆ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸು. ಕಕ್ಕಿದರೆ ತುಸು ತಡೆದು ಮತ್ತೆ ಕುಡಿಸು. ಮೊಲೆಯೂಡುವುದನ್ನು ನಿಲ್ಲಿಸಬೇಡ. ಹೊರಗೆ ಹೋದಷ್ಟನ್ನೂ ತುಂಬಿಕೊಡಬೇಕಾದವಳು ನೀನಲ್ಲವೇ!”

ನೋಡನೋಡುತ್ತಲೇ ಮಣ್ಣಿನ ಗಡಿಗೆಯು ಶಿಲೆಯಾಗಿ, ಅದರ ಅಂಚಿನಿಂದ ಜಲವೊಸರಿತು. ದೇವಿ ನುಡಿದಂತೆಯೇ ತಾಯಿ ನಡೆದಳು. ಮರುದಿನ ಸೂರ್ಯೋದಯದ ವೇಳೆಗೆ ಕಾಟಯ್ಯನು ಗಟ್ಟಿಯಾಗಿ ಅತ್ತನು, ಎರಡು ಕೆನ್ನೆಯೂ ತೋಯುವಂತೆ. ಆ ಕಣ್ಣೀರನ್ನು ಕಂಡು ಬೊಮ್ಮಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೂ ಗುಳಿಬಿದ್ದ ಕಣ್ಣುಗಳ ಆ ನೋಟವನ್ನು ಅವಳು ಸಾಯುವತನಕ ಮರೆಯಲಿಲ್ಲ.

ಬೋರಲುಬಿದ್ದ ಆ ಕಲ್ಲುಗಡಿಗೆಯನ್ನೂ ಅದರಡಿಯ ಒಸರನ್ನೂ ಭಕ್ತಾದಿಗಳು ಇಂದಿಗೂ ದರ್ಶಿಸಬಹುದು. ಕಾರಹುಣ್ಣಿಮೆಯಂದು ಬೊಮ್ಮಕ್ಕನ ವಂಶದ ಹಿರಿಯ ಹೆಣ್ಣುಮಗಳು ಉಪ್ಪುಗಂಜಿಯನ್ನು ದೇವಿಯ ನೈವೇದ್ಯಕ್ಕೂ ಮೊದಲು ನೆರೆದ ಹಸುಳೆಗಳಿಗೆ ಕುಡಿಸುತ್ತಾಳೆ. ಕೊನೆಯ ಕೂಸು ಕುಡಿದ ಮೇಲೆಯೇ ಆಕೆ ಬಾಯಿಗೆ ನೀರು ಹಾಕಿಕೊಳ್ಳಬೇಕು. ಆಗಲೂ ಮಕ್ಕಳಿಗೆ ಬೆನ್ನು ತಿರುಗಿಸುವಂತಿಲ್ಲ.