ಹುಳುಮನೆಯ ಇದ್ದಿಲ ಒಲೆ

“ಗುರುಗಳೇ, ನೀವು ಕೊಟ್ಟ ಸಾಧನೆ ನನ್ನಲ್ಲಿ ಯಾಕೆ ಫಲಿಸುತ್ತಿಲ್ಲ?” ಎಂದು ಶಂಭುಲಿಂಗ ಕೇಳಿದ.

ಆ ತಿಂಗಳಲ್ಲಿ ಅವನು ಇದೇ ಪ್ರಶ್ನೆ ಕೇಳಿದ್ದು ನಾಲ್ಕನೆಯ ಸಲ. ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ, “ನಾನು ಏನು ಕೊಟ್ಟಿದ್ದೆ?” ಎಂದರು.

“ದಿನಕ್ಕೆ ಎರಡು ಹೊತ್ತು ಸುಮ್ಮನೆ ಕೂರು ಅಂದಿದ್ದಿರಿ. ಕೂತೆ. ಅಷ್ಟರಿಂದ ಏನೂ ಆಗುತ್ತಿಲ್ಲ ಅನ್ನಿಸಿ ನಾನಾಗಿಯೇ ಉಪವಾಸ ಸೇರಿಸಿದೆ. ಅದೂ ಸಾಲದೆಂದು ಈಗ ಹಿತ್ತಿಲಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬೆಂಕಿ ಹಾಕಿಕೊಂಡು ನಡುವೆ ಕೂರುತ್ತೇನೆ. ಆದರೂ ಎದ್ದು ಬಂದರೆ ಎಲ್ಲರ ಮೇಲೂ ರೇಗುತ್ತೇನೆ. ಸಾಧನೆಯಲ್ಲೇ ಏನೋ ಲೋಪವಿರಬೇಕು. ಇದ್ದರೆ ಹೇಳಿಬಿಡಿ, ಬೇರೆ ಮಠಕ್ಕೆ ಹೋಗುತ್ತೇನೆ.”

ಗುರುಗಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಎಸೆದರು. “ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ಇದನ್ನೆಲ್ಲ ನಿನ್ನ ಕೈಯಲ್ಲೇ ಸುಲಿಸುತ್ತೇನೆ,” ಎಂದರು. ಆಮೇಲೆ ಹೇಳತೊಡಗಿದರು.

ಒಬ್ಬ ರೈತ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದ. ಸಾಕುತ್ತಿದ್ದ ಎನ್ನುವುದು ಊರವರ ಮಾತು. ನಿಜಕ್ಕೂ ಸಾಕುತ್ತಿದ್ದವಳು ಅವನ ಹೆಂಡತಿ. ಸೊಪ್ಪು ಕೊಯ್ಯುವವಳು, ಹೆಚ್ಚುವವಳು, ತಟ್ಟೆ ತಟ್ಟೆಗೂ ಹಾಕುವವಳು, ಹಿಕ್ಕೆ ತೆಗೆಯುವವಳು ಎಲ್ಲ ಅವಳೇ. ರೈತನ ಪಾಲಿಗೆ ಇದ್ದ ಕೆಲಸ ಒಂದೇ, ಹುಳುಮನೆಯ ಹವೆ ಕಾಯುವುದು.

ಆ ಹುಳು ಬಲು ನಾಜೂಕು. ಮನೆಯೊಳಗೆ ಇಪ್ಪತ್ತೈದು ಡಿಗ್ರಿಯ ಆಸುಪಾಸು ಇರಬೇಕು. ಬಹಳ ಏರಿದರೂ ಬಹಳ ಇಳಿದರೂ ಸೊಪ್ಪು ಬಿಡುತ್ತದೆ, ರೋಗ ಹತ್ತುತ್ತದೆ. ಬೇಸಿಗೆಯಲ್ಲಿ ರೈತ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಎರಚುತ್ತಿದ್ದ. ಚಳಿಗಾಲದಲ್ಲಿ ಇದ್ದಿಲ ಒಲೆ ಹಚ್ಚಿ ಊದುತ್ತಿದ್ದ. ಇದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಹವೆ ಕಾಯುವುದೆಂದರೆ ಅವನೇ ಎಂದು ಜನ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನಿಗೆ ಊಟವೂ ಬೇಕಿರಲಿಲ್ಲ.

ಇಷ್ಟೆಲ್ಲ ಕಾದರೂ ಒಂದು ಬೆಳೆ ಸೆಖೆಗೆ ಹೋಯಿತು, ಒಂದು ಬೆಳೆ ಹೊಗೆಗೆ ಹೋಯಿತು. ಹೊಗೆ ಕುಡಿದು ಹೆಂಡತಿಗೆ ಕೆಮ್ಮು ಅಂಟಿಕೊಂಡಿತು. ಇನ್ನೊಂದು ಬೆಳೆ ಕೈಕೊಟ್ಟರೆ ಹಿಪ್ಪುನೇರಳೆಯನ್ನು ಬೇರುಸಹಿತ ಕಿತ್ತು ಜೋಳ ಹಾಕುವುದೆಂದು ರೈತ ತೀರ್ಮಾನಿಸಿದ. ಹೆಂಡತಿ ಹೂಂ ಎನ್ನಲಿಲ್ಲ. ಆ ತೋಟದ ಒಂದೊಂದು ಕಡ್ಡಿಯನ್ನೂ ನೆಟ್ಟವಳು ಅವಳು.

ಅವಳೇ ಹಟ ಹಿಡಿದು ಒಬ್ಬ ಮೇಸ್ತ್ರಿಯನ್ನು ಕರೆಸಿದಳು. ನೆಲದೊಳಗಿನ ಕಾವನ್ನು ಬಳಸಿ ಮನೆಯನ್ನು ಬೆಚ್ಚಗೆ, ತಂಪಗೆ ಇಡುವ ಯಂತ್ರ ಕೂರಿಸುವವನು ಅವನು. ರೈತ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಬೆಂಕಿ ಇಲ್ದೆ ಕಾವು ಎಲ್ಲಿಂದ ಬತ್ತದೆ?” ಎಂದ.

“ಚಳಿಗಾಲದಲ್ಲಿ ಬೆಳಗ್ಗೆ ಎದ್ದು ಸೇದಿದ್ರೆ ನಿಮ್ಮ ಬಾವಿ ನೀರು ಹೆಂಗಿರ್ತದೆ?” ಎಂದು ಮೇಸ್ತ್ರಿ ಕೇಳಿದ.

ರೈತ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, “ಬೆಚ್ಚಗಿರ್ತದೆ. ಬೇಸಿಗೇಲಿ ತಣ್ಣಗಿರ್ತದೆ,” ಎಂದಳು.

“ನೀರು ಬದಲಾಗಲ್ಲ ಅಕ್ಕಾ. ಬದಲಾಗೋದು ಮೇಲಿನ ಹವೆ. ಆಳದ ಮಣ್ಣು ವರ್ಷವೆಲ್ಲ ಒಂದೇ ಹದ. ಚಳೀಲಿ ಅಲ್ಲಿಂದ ಕಾವನ್ನ ಮೇಲಕ್ಕೆ ಸೇದ್ತೀವಿ. ಸೆಖೇಲಿ ಮನೆ ಕಾವನ್ನ ಅಲ್ಲಿಗೇ ಇಳಿಸ್ತೀವಿ. ಕಾವು ಹುಟ್ಟಿಸೋ ಕೆಲ್ಸ ಇಲ್ಲ, ಸಾಗಿಸೋ ಕೆಲ್ಸ ಅಷ್ಟೆ. ಅದಕ್ಕೇ ಒಂದು ಪಾಲು ಕರೆಂಟು ಕೊಟ್ರೆ ಮೂರು ನಾಕು ಪಾಲು ಕಾವು ಬತ್ತದೆ.”

ಹೆಂಡತಿಗೆ ಅಷ್ಟು ಸಾಕಾಯಿತು. ಬುದ್ಧಿ ತಿಳಿದಾಗಿನಿಂದ ಬಾವಿಯಲ್ಲಿ ನೀರು ಸೇದಿದವಳು. ಹಗ್ಗ ಎಳೆಯುವುದಷ್ಟೇ ತನ್ನದು, ನೀರು ನೆಲದ್ದು ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ತೋಟದ ಅಂಚಿನಲ್ಲಿ ಆಳೆತ್ತರ ಮೀರಿದ ಕಾಲುವೆ ತೋಡಿದರು. ಅದರೊಳಗೆ ಉದ್ದನೆಯ ಕೊಳವೆಯನ್ನು ಸುರುಳಿ ಸುರುಳಿಯಾಗಿ ಹಾಸಿ, ನೀರು ತುಂಬಿ, ಮಣ್ಣು ಮುಚ್ಚಿದರು. ನೀರು ಆ ಕೊಳವೆಯಲ್ಲಿ ನೆಲದೊಳಗೆ ಸುತ್ತಿ ಬಂದು, ತಂದ ಕಾವನ್ನು ಯಂತ್ರಕ್ಕೆ ಒಪ್ಪಿಸುತ್ತದೆ. ಯಂತ್ರ ಅದನ್ನು ಒತ್ತಿ ಹೆಚ್ಚಿಸಿ ಮನೆಯೊಳಗೆ ಬಿಡುತ್ತದೆ. ಫ್ರಿಜ್ಜು ತನ್ನ ಹೊಟ್ಟೆಯ ಕಾವನ್ನು ತೆಗೆದು ಬೆನ್ನಿಗೆ ಹಾಕಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಮೇಸ್ತ್ರಿ ಯಂತ್ರವನ್ನು ಇಪ್ಪತ್ತೈದಕ್ಕೆ ನಿಲ್ಲಿಸಿದ. “ಕಡಿಮೆಯಾದ್ರೆ ಅದೇ ಕಾಯಿಸ್ತದೆ, ಜಾಸ್ತಿಯಾದ್ರೆ ಅದೇ ತಂಪು ಮಾಡ್ತದೆ. ನೀವು ಏನೂ ಮಾಡಬೇಡಿ,” ಎಂದು ಹೇಳಿ ಹೋದ.

ಏನೂ ಮಾಡಬೇಡಿ ಎಂದದ್ದೇ ತಪ್ಪಾಯಿತು. ರೈತನಿಗೆ ಅದೊಂದು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುತ್ತಿದ್ದ.

ಚಳಿ ಬಿತ್ತು. ಎರಡು ಜ್ವರ ಕಳೆದ ಮರಿ ಹುಳುಗಳನ್ನು ತಂದು ತಟ್ಟೆಗೆ ಬಿಟ್ಟರು. ಹುಳು ಪೊರೆ ಕಳಚುವ ಮುನ್ನ ತಲೆ ಎತ್ತಿ, ಅಲುಗಾಡದೆ, ಏನೂ ತಿನ್ನದೆ ಒಂದು ದಿನ ಕೂರುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಮೂರನೆಯ ಜ್ವರವೂ ಸರಾಗವಾಗಿ ಕಳೆಯಿತು. ಹೊರಗೆ ಹಲ್ಲು ಕಟಕಟಿಸುವ ಚಳಿ ಇದ್ದರೂ ಹುಳುಮನೆಯ ಥರ್ಮಾಮೀಟರು ಇಪ್ಪತ್ತೈದನ್ನು ಬಿಟ್ಟು ಕದಲಲಿಲ್ಲ. ಹೆಂಡತಿಯ ಕೆಮ್ಮು ಇಳಿಯಿತು. ಎಷ್ಟೋ ದಿನದ ಮೇಲೆ ಅವಳಿಗೆ ನೆಮ್ಮದಿಯಾಯಿತು.

ರೈತನಿಗೆ ಮಾತ್ರ ಆಗಲಿಲ್ಲ. ಗಾಳಿ ಬರುವ ಕಿಂಡಿಗೆ ದಿನಕ್ಕೆ ಹತ್ತು ಸಲ ಕೈ ಒಡ್ಡುತ್ತಿದ್ದ. ಅಂಗೈಗೆ ಹೇಳಿಕೊಳ್ಳುವಂಥ ಬಿಸಿ ತಾಕುತ್ತಿರಲಿಲ್ಲ. ಹೋಟೆಲಿನಲ್ಲಿ ಯಾರೋ, “ಈ ಸಲ ಹವೆ ಹೆಂಗೆ ಕಾಯ್ತಿದ್ದೀಯಪ್ಪ?” ಎಂದು ಕೇಳಿದರು. ರೈತ ಲೋಟ ಕೆಳಗಿಟ್ಟ. ಅರ್ಧ ಕಾಫಿ ಬಿಟ್ಟು ಎದ್ದು ಬಂದ. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತ ದಿನ ಅಟ್ಟದಿಂದ ಇದ್ದಿಲ ಒಲೆ ಇಳಿಸಿ ಹುಳುಮನೆಯ ಮೂಲೆಯಲ್ಲಿ ಹಚ್ಚಿದ.

ಮನೆ ಕಾಯಿತು. ಹೆಚ್ಚಾಯಿತೆಂದು ಯಂತ್ರ ತನ್ನ ಪಾಡಿಗೆ ಮಗ್ಗುಲು ಬದಲಿಸಿತು. ಮನೆಯ ಕಾವನ್ನು ಕೊಳವೆಯ ನೀರಿಗೆ ಹೊರಿಸಿ ನೆಲಕ್ಕೆ ಕಳಿಸಿತು, ಕಿಂಡಿಯಿಂದ ತಣ್ಣನೆ ಗಾಳಿ ಬಿಟ್ಟಿತು. ರೈತ ಅಂಗೈ ಒಡ್ಡಿದ. ಅವನಿಗೆ ಬೇಕಾಗಿದ್ದ ಸಾಕ್ಷಿ ಸಿಕ್ಕಿತು. ಇಂಥ ಚಳಿಯಲ್ಲಿ ತಣ್ಣನೆ ಗಾಳಿ ಉಗುಳುವ ಯಂತ್ರವನ್ನು ನಂಬಿ ಕೂತಿದ್ದೆವಲ್ಲ ಎಂದು ಇನ್ನಷ್ಟು ಇದ್ದಿಲು ಸುರಿದ. ಅವನು ಸುರಿದಷ್ಟೂ ಅದು ತಣ್ಣಗೆ ಊದಿತು. ಅದು ತಣ್ಣಗೆ ಊದಿದಷ್ಟೂ ಅವನು ಸುರಿದ. ಹೊಗೆ ತುಂಬಿತೆಂದು ಕಿಟಕಿ ತೆರೆದ. ಚಳಿ ನುಗ್ಗಿತೆಂದು ಎರಡನೆಯ ಒಲೆ ಹಚ್ಚಿದ. ಮೈಯೆಲ್ಲ ಬೆವರು, ಮುಖವೆಲ್ಲ ಮಸಿ. ವಾರಗಟ್ಟಲೆ ಕಾಣದಿದ್ದ ಸಂತೋಷ ಅವನ ಮುಖದಲ್ಲಿತ್ತು.

ತೋಟದಿಂದ ಬಂದ ಹೆಂಡತಿ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಅಡಿಯಿಟ್ಟಳು. ಕೆಮ್ಮು ಒತ್ತರಿಸಿಕೊಂಡು ಬಂತು. ಸುಧಾರಿಸಿಕೊಂಡು ಕೇಳಿದಳು.

“ಜ್ವರಕ್ಕೆ ಕೂತಿರೋ ಹುಳಕ್ಕೆ ಸೊಪ್ಪು ಹಾಕ್ತೀವಾ?”

“ಇಲ್ಲ. ಹಾಕಿದ್ರೆ ಕೆಡ್ತದೆ. ಸುಮ್ಕೆ ಬಿಡಬೇಕು.”

“ಆ ಬುದ್ಧಿ ಇಲ್ಲಿ ಎಲ್ಲಿಗೋಯ್ತು?”

“ಅದು ಹುಳ, ಇದು ಹವೆ. ಹವೆ ವಿಷ್ಯ ನಿಂಗೊತ್ತಾಗಲ್ಲ, ಸುಮ್ಕಿರು.”

ಅವಳು ಒಂದು ಒಲೆಯನ್ನು ಹೊತ್ತು ಹಿಂದಿನ ಬಾಗಿಲಿಂದ ಕೊಟ್ಟಿಗೆಗೆ ಹಾಕಿದಳು. ಅವನು ಅದನ್ನು ಮುಂದಿನ ಬಾಗಿಲಿಂದ ಒಳಗೆ ತಂದ. ಮತ್ತೆ ಹೊರಗಿಟ್ಟಳು. ಮತ್ತೆ ತಂದ. ಮೂರನೆಯ ಸಲಕ್ಕೆ ಅವಳ ಕೈ ಸೋತಿತು. ಇವನಿಗೆ ಹೇಳಿ ಹೇಳಿ ನನ್ನ ಗಂಟಲು ಹೋಯಿತು, ಇನ್ನು ತೋಟವೂ ಹೋಗಲಿ ಎಂದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ತೋಟದ ಕಡೆ ನೋಡಿದಳು. ಎದ್ದು ಹೋಗಿ ಮೇಸ್ತ್ರಿಗೆ ಹೇಳಿಕಳಿಸಿದಳು.

ಮರುದಿನ ಮೇಸ್ತ್ರಿ ಬಂದಾಗ ರೈತ ಅವನನ್ನು ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡ. ಯಂತ್ರ ಕೆಟ್ಟಿದೆ, ತಾನಿಲ್ಲದಿದ್ದರೆ ಬೆಳೆ ನಿನ್ನೆಯೇ ಮಣ್ಣುಪಾಲಾಗುತ್ತಿತ್ತು ಎಂದ. ಮೇಸ್ತ್ರಿ ಒಳಗೆ ಹೋಗಿ ಎರಡು ಒಲೆಗಳನ್ನು ನೋಡಿದ. ನೆಲಕ್ಕೆ ಇಳಿಯುವ ಕೊಳವೆಯನ್ನು ಮುಟ್ಟಿ ನೋಡಿದ. ಅದು ಬೆಚ್ಚಗಿತ್ತು.

“ಯಂತ್ರ ಕೆಟ್ಟಿಲ್ಲ ಅಣ್ಣಾ. ನಿಮ್ಮ ಒಲೆ ಕಾವನ್ನ ನಿನ್ನೆಯಿಂದ ಹೊತ್ತು ಹೊತ್ತು ತೋಟದ ಮಣ್ಣಿಗೆ ಹಾಕ್ತಾ ಅದೆ. ನೀವು ಹುಳಮನೆ ಕಾಯಿಸ್ತಿಲ್ಲ, ಹಿಪ್ಪುನೇರಳೆ ಬೇರು ಕಾಯಿಸ್ತಿದ್ದೀರಿ.”

ಹೆಂಡತಿಗೆ ನಗು ಬರಲಿಲ್ಲ, ಅಳು ಬಂತು. ರೈತ ಕಿಂಡಿಗೆ ಮತ್ತೊಮ್ಮೆ ಅಂಗೈ ಒಡ್ಡಿದ. ಕೊನೆಗೆ, “ಹಂಗಾದ್ರೆ ನಾನೇನು ಮಾಡ್ಲಿ?” ಎಂದ.

ಅವನ ಭಯ ಹುಳುವಿಗಾಗಿ ಅಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ತಿಳಿದು ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಒಲೆಗಳೆರಡನ್ನೂ ಅಂಗಳಕ್ಕೆ ಎಳೆದು ಕೊಡಗಟ್ಟಲೆ ನೀರು ಸುರಿದಳು. ಒಳಗಿನಿಂದ ಖಾಲಿ ಸೊಪ್ಪಿನ ಬುಟ್ಟಿ ತಂದು ಅವನ ಕೈಗೆ ತುರುಕಿದಳು.

ಒಲೆಯ ಮಗ್ಗುಲಿನ ತಟ್ಟೆಗಳಲ್ಲಿ ಇದ್ದ ಹುಳು ಜ್ವರದಿಂದ ಏಳಲೇ ಇಲ್ಲ. ಅವು ಮೂರರಲ್ಲಿ ಒಂದು ಪಾಲು. ಉಳಿದವು ಎದ್ದವು, ಸೊಪ್ಪಿಗೆ ಬಾಯಿ ಹಾಕಿದವು, ವಾರ ಕಳೆದು ಮೈ ಹಳದಿಗೆ ತಿರುಗಿ ಹಣ್ಣಾಗಿ ಗೂಡು ಕಟ್ಟಿದವು. ತೋಟ ಉಳಿಯಿತು. ಗೂಡು ಬಿಡಿಸುವ ದಿನ ನೋಡಲು ಬಂದವರಿಗೆ ರೈತ, “ಯಂತ್ರ ಮೊದಮೊದಲು ಸರಿಯಾಗಿ ನಡೀಲಿಲ್ಲ, ಆಮೇಲೆ ದಾರಿಗೆ ಬಂತು,” ಎಂದು ಹೇಳುತ್ತಿದ್ದ. ಹೆಂಡತಿ ಕೇಳಿಸಿಕೊಂಡಳು. ಅವನನ್ನು ತಿದ್ದಲು ಹೋಗಲಿಲ್ಲ, ಅವಳಿಗೆ ಸಾಕಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಜೋರಾಗಿ ನಕ್ಕ.

“ಎಂಥ ಮೂಢ ಗುರುಗಳೇ! ಯಂತ್ರ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ನಾನಾಗಿದ್ದರೆ ಮೊದಲ ದಿನವೇ ಒಲೆ ಆರಿಸುತ್ತಿದ್ದೆ.”

ಹಿತ್ತಿಲಿನ ಕಡೆಯಿಂದ ಹೊಗೆ ಬಂದು ಜಗಲಿಯನ್ನು ತುಂಬುತ್ತಿತ್ತು. ಗುರುಗಳು ಮೇಲುಹೊದಿಕೆಯ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು.

“ಹಾಗಾದರೆ ಹಿತ್ತಿಲಿನಲ್ಲಿ ಉರಿಯುತ್ತಿರುವ ನಾಲ್ಕನ್ನೂ ಆರಿಸಿ ಬಾ, ಅವರೆಕಾಯಿ ಇನ್ನೂ ಬಹಳ ಇದೆ,” ಎಂದರು.