ತಾಮ್ರದ ಗೊಂಬೆ, ಹಿತ್ತಾಳೆ ಗೊಂಬೆ

"ಕೇಳ್ರಪ್ಪೋ ಕೇಳಿ! ಚದುರಂಗದ ಗೊಂಬೆಗಳ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಪದ್ಮಗಂಧಿ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆಬಾಗಿಲ ಮೇಲೆ."

ಉದ್ದಂಡರಾಯನ ಡಂಗುರ ಅಂದರೆ ಈಗಿನವರ ತಮಟೆಯಲ್ಲ. ಒಂದು ಪೆಟ್ಟಿಗೆ ಮೂರು ರಾಜ್ಯದ ಹಾಲು ಒಡೆಯುತ್ತಿತ್ತು. ಗೊಂಬೆಗಳೂ ಅಂಥವೇ: ಆಳೆತ್ತರ, ಒಂದು ತಾಮ್ರದ್ದು, ಒಂದು ಹಿತ್ತಾಳೆಯದು. ಕೀಲಿ ತಿರುಗಿಸಿದರೆ ತಾವೇ ಎಣಿಕೆ ಹಾಕಿ ತಾವೇ ಕಾಯಿ ನಡೆಸುತ್ತಿದ್ದವು. ಮಾಡಿದ ಕಂಚುಗಾರ ಸಾಯುವ ಮುಂಚೆ ಒಗಟುಗಳನ್ನು ರಾಜನಿಗೆ ಹೇಳಿ, ಉತ್ತರಗಳನ್ನು ಮೂರು ಓಲೆಯಲ್ಲಿ ಬರೆದು ಅರಗಿನ ಮುದ್ರೆ ಒತ್ತಿದ್ದ. ಯಾರಾದರೂ ಉತ್ತರ ಕೊಟ್ಟಾಗ ಮಾತ್ರ ಮಂತ್ರಿ ಆ ಓಲೆ ಬಿಚ್ಚಿ ನೋಡಬೇಕು.

ಗಾಣಿಗರ ಜಕ್ಕಣ್ಣನಿಗೆ ರಾಜಕುಮಾರಿಯೂ ಬೇಕಿರಲಿಲ್ಲ, ರಾಜ್ಯವೂ ಬೇಕಿರಲಿಲ್ಲ. ಬಾಗಿಲ ಮೇಲಿದ್ದ ನಲವತ್ತೊಂದು ತಲೆಗಳಲ್ಲಿ ಕೊನೆಯದು ಅವನ ಅಣ್ಣ ಹಾಲಪ್ಪನದು. ಇಳಿಸಿಕೊಡಿ, ಮಣ್ಣು ಮಾಡುತ್ತೇನೆ ಅಂತ ಕಾವಲಿನವರ ಕಾಲು ಹಿಡಿದ. ಒಗಟು ಬಿಡಿಸಿದವರು ಮಾತ್ರ ಕೇಳಬಹುದು ಅಂದರು. ಸರಿ, ಎಣ್ಣೆಗೈ ಒರೆಸಿಕೊಂಡು ಒಳಗೆ ಹೋದ.

ರಾಜ ಮೂಗು ಮುಚ್ಚಿಕೊಂಡ. "ಗೊಂಬೆಗಳು ನೂರು ದಿನ ನೂರು ಆಟ ಆಡಿದವು. ದಿನಾ ತಾಮ್ರವೇ ಗೆದ್ದಿತು. ಆದರೂ ನೂರು ಸಲ ಗೆದ್ದಿಲ್ಲ. ಎಷ್ಟು ಸಲ ಗೆದ್ದಿತೋ ಗಾಣಿಗ? ಸಿಂಧೂರದ ಯುವರಾಜ ತೊಂಬತ್ತೊಂಬತ್ತು ಅಂದ. ಬಲಗಡೆ ಮೊದಲನೇ ತಲೆ, ನೋಡಿರಬೇಕಲ್ಲ."

"ಒಂದೇ ಸಲ, ಬುದ್ಧಿ. ಕಾಯಿ ಹಾಸಿದ ಬಗೆ ಬದಲಾಗದಿದ್ದರೆ ಗೊಂಬೆ ನಿನ್ನೆ ನಡೆಸಿದ್ದನ್ನೇ ಇವತ್ತೂ ನಡೆಸುತ್ತೆ. ನಮ್ಮ ಗಾಣದೆತ್ತು ನೂರು ಸುತ್ತು ಹಾಕಿದರೂ ಊರು ದಾಟಲ್ಲ. ನೀವು ಒಂದೇ ಆಟವನ್ನು ನೂರು ಸಲ ನೋಡಿದಿರಿ."

ಮಂತ್ರಿ ಓಲೆ ನೋಡಿ ತಲೆಯಾಡಿಸಿದ.

ರಾಜ ಎರಡನೆಯದು ಕೇಳಿದ. ಕಾಯಿಗಳನ್ನು ಇಪ್ಪತ್ತು ಬಗೆಯಲ್ಲಿ ಹಾಸಿ ಇಪ್ಪತ್ತು ಆಟ ಆಡಿಸಿದ್ದಾಯಿತು. ಎಂದಿನಂತೆ ತಾಮ್ರವೇ ಮೊದಲು ನಡೆಯಿತು, ಇಪ್ಪತ್ತೂ ಗೆದ್ದಿತು. ಆದರೆ ಹಿತ್ತಾಳೆಯನ್ನು ಸೋಲಿಸಿದ್ದು ತಾಮ್ರವಲ್ಲ, ಮತ್ತೆ ಯಾರು? ಒಬ್ಬ ಜೋಯಿಸ ಶನಿ ಅಂದಿದ್ದನಂತೆ. ಅವನ ಜುಟ್ಟು ಇನ್ನೂ ಬಾಗಿಲಲ್ಲಿ ಗಾಳಿಗೆ ಆಡುತ್ತಿತ್ತು.

ಜಕ್ಕಣ್ಣ ಹೇಳಿದ: "ಕೂರಿಸಿದವರು, ಬುದ್ಧಿ. ಎತ್ತು ಕೊಳ್ಳುವವನು ಜೋಡಿಯನ್ನು ಒಮ್ಮೆ ಹೂಡಿ ನೋಡಿ ಬಿಡಲ್ಲ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕಟ್ಟಿ ಅದೇ ಸಾಲು ಇನ್ನೊಮ್ಮೆ ಹೊಡೆಸುತ್ತಾನೆ. ನೀವು ತಾಮ್ರವನ್ನು ಯಾವಾಗಲೂ ಮೊದಲು ನಡೆಯುವ ಕಡೆಯೇ ಕೂರಿಸಿದಿರಿ."

ತಪ್ಪು ತನ್ನ ಮೇಲೇ ಬಂತಲ್ಲ ಅಂತ ರಾಜ ಹಲ್ಲು ಕಡಿದ. ಓಲೆಯಲ್ಲೂ ಅದೇ ಇತ್ತು.

"ಕೊನೆಯದು. ಕಡೆ ಬದಲಿಸಿ ಬದಲಿಸಿ ಹತ್ತು ಆಟ ಆಡಿಸಿದೆ. ತಾಮ್ರಕ್ಕೆ ಆರು, ಹಿತ್ತಾಳೆಗೆ ನಾಲ್ಕು. ಬಲವಾದದ್ದು ಯಾವುದು?"

ಜಕ್ಕಣ್ಣ ಗೊಂಬೆಗಳನ್ನು ನೋಡಿದ, ಕತ್ತಿ ಹಿಡಿದವನನ್ನು ನೋಡಿದ. "ಗೊತ್ತಾಗಲ್ಲ, ಬುದ್ಧಿ."

ಕತ್ತಿಯವನು ಎದ್ದ. ಜಕ್ಕಣ್ಣ ಮಾತು ನಿಲ್ಲಿಸಲಿಲ್ಲ. "ಸೋತು ಹೇಳಿದ್ದಲ್ಲ, ಇದೇ ನನ್ನ ಉತ್ತರ. ಸೀಳಿದ ಹುಣಸೆಬೀಜ ಹತ್ತು ಸಲ ಎಸೆಯಿರಿ. ಆರು ಸಲ ಬಿಳಿ, ನಾಲ್ಕು ಸಲ ಕಪ್ಪು ಬಿದ್ದರೆ ಬಿಳಿಗೆ ಬಲ ಜಾಸ್ತಿ ಅಂತೀರಾ? ಸಾವಿರ ಆಟ ಆಡಿಸಿ, ಆಮೇಲೆ ಕೇಳಿ."

ಮಂತ್ರಿ ಮೂರನೇ ಓಲೆ ತಂದ. ಅರಗು ಒಡೆದ ಸದ್ದು ಕೇಳಿ ಜಕ್ಕಣ್ಣನ ಕಣ್ಣು ಅದರ ಮೇಲೆ ನಿಂತಿತು. ಮಿಕ್ಕ ಎರಡರ ಮುದ್ರೆ ಎಂದೋ ಒಡೆದಿತ್ತು.

"'ಇಷ್ಟಕ್ಕೇ ತಿಳಿಯದು' ಅಂತಿದೆ," ಎಂದ ಮಂತ್ರಿ.

"ಇದನ್ನು ಇವತ್ತೇ ಬಿಚ್ಚಿದಿರಾ?"

ಮಂತ್ರಿ ರಾಜನ ಮುಖ ನೋಡಿದ. ರಾಜ ಮೀಸೆ ನೀವಿಕೊಂಡ. "ಇಲ್ಲೀತನಕ ಮುಟ್ಟಿದವನು ಒಬ್ಬನೇ. ನಿಮ್ಮ ಗಾಣಿಗರವನೇ, ಬಾಗಿಲ ಮೇಲಿನ ಕೊನೇ ತಲೆ. ಎರಡು ಸರಿಯಾಗಿ ಹೇಳಿ, ಇಲ್ಲಿ ಗೊತ್ತಾಗಲ್ಲ ಅಂದ. ಸೋತ ಅಂದುಕೊಂಡೆವು. ಓಲೆ ಬಿಚ್ಚಲಿಲ್ಲ."

"ಯಾಕೆ ಅಂತ ಕೇಳಲಿಲ್ವಾ?"

ಮಂತ್ರಿ ಓಲೆ ಸುತ್ತಿಟ್ಟ.

ಆಡಿದ ಮಾತಿಗೆ ರಾಜ ತಪ್ಪಲಿಲ್ಲ. ಅಂದೇ ಚಪ್ಪರ ಹಾಕಿಸಿದ, ಏಳು ಬಾವಿಗೆ ಪಾನಕ ಸುರಿಸಿದ. ರಾಜ್ಯ ಸೀಳುವ ಗೆರೆ ಎಲ್ಲಿ ಎಳೆಯಲಿ ಅಂತ ಮಂತ್ರಿ ಕೇಳಿದಾಗ, ಎಲ್ಲಾದರೂ ಎಳೀರಿ, ಕೋಟೆಬಾಗಿಲು ನನ್ನ ಕಡೆ ಬರಲಿ ಅಂದ ಜಕ್ಕಣ್ಣ.

ಒಳಗೆ ಓಲಗ ಊದುತ್ತಿತ್ತು. ಅರ್ಧ ರಾಜ್ಯದ ಒಡೆಯ ಹೆಗಲ ಮೇಲೆ ಒಗೆದ ಪಂಚೆ ಹಾಕಿಕೊಂಡು, ಅಣ್ಣನಿಗಾಗಿ ಏಣಿ ಹತ್ತುತ್ತಿದ್ದ.