ಇಲಿಯ ಪಾಲು

ಜಪಾನಿನ ಪುಟ್ಟ ದ್ವೀಪವೊಂದರಲ್ಲಿ ಬೀದಿಬೆಕ್ಕುಗಳದೇ ರಾಜ್ಯ. ಪ್ರವಾಸಿಗರು ಹಾಕುವ ಮೀನು ತಿಂದು ತಿಂದು ಅವು ಬೇಟೆಯನ್ನೇ ಮರೆತಿವೆಯೆಂದು ಕೇಳಿ, ಕೋಜಿ ಎಂಬ ಇಲಿ ಧೈರ್ಯವಾಗಿ ದೋಣಿ ಹತ್ತಿ ಬಂತು. ಇಳಿದದ್ದೇ ತಡ, ಗೊನ್ಸುಕೆ ಎಂಬ ದಢೂತಿ ಬೆಕ್ಕು ಅಟ್ಟಿಸಿಕೊಂಡು ಬಂದು ಅದರ ಬಾಲದ ಮೇಲೆ ಪಂಜ ಊರಿತು. ಪ್ರವಾಸಿಗರು ಹೋ ಎಂದು ಫೋಟೊ ತೆಗೆದು ಬೆಕ್ಕಿನ ಮುಂದೆ ಮೀನು ಸುರಿದರು.

ಗೊನ್ಸುಕೆ ಇಲಿಗೆ ಮೆಲ್ಲನೆ ಅಂದಿತು: "ಮಹಾಶಯರೇ, ನಿಮ್ಮನ್ನು ತಿಂದರೆ ಒಂದು ಹೊತ್ತಿನ ಊಟ, ಬಿಟ್ಟರೆ ದಿನವೂ ಹಬ್ಬ. ನಾಳೆಯೂ ಓಡುವಿರಾ?"

ನಡುಗುತ್ತಿದ್ದ ಕೋಜಿ ಮೀನಿನ ರಾಶಿ ಕಂಡು ನಡುಕವನ್ನೇ ಮರೆಯಿತು. "ಓಡುವವನು ನಾನು. ಅರ್ಧ ಪಾಲು ನನಗೆ."

"ಅಟ್ಟುವವನು ನಾನಲ್ಲವೇ?"

"ಹಾಗಾದರೆ ಈಗಲೇ ತಿಂದುಬಿಡಿ," ಎಂದು ಕೋಜಿ ಕಣ್ಣು ಮುಚ್ಚಿ ಮಲಗಿತು.

ಗೊನ್ಸುಕೆ ನಿಟ್ಟುಸಿರಿಟ್ಟು ಪಂಜ ಎತ್ತಿ, ಇದ್ದುದರಲ್ಲೇ ದೊಡ್ಡ ಮೀನನ್ನು ಇಲಿಯತ್ತ ತಳ್ಳಿತು.